ನೋಡಲು ಹೋದವರೇ ನೋಟಕ್ಕೆ ಅಡ್ಡವಾದಾಗ

ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಮೋನಾಲಿಸಾ ಇರುವ ಕೋಣೆಯನ್ನು ಹೊಕ್ಕವರಿಗೆ ಮೊದಲು ಕಾಣುವುದು ಮೇಲಕ್ಕೆತ್ತಿದ ಕೈಗಳು. ಪ್ರತಿ ಕೈಯಲ್ಲೂ ಒಂದು ಫೋನು, ಪ್ರತಿ ಫೋನಿನ ಪರದೆಯಲ್ಲೂ ಹೆಬ್ಬೆರಳಿನಷ್ಟು ದೊಡ್ಡ ಮೋನಾಲಿಸಾ. ಹಾವಿನಂತೆ ಸುತ್ತಿಸಿದ ಸರತಿಯಲ್ಲಿ ಮುಕ್ಕಾಲು ಗಂಟೆ ಸವೆಸಿ ನಾನು ಮುಂದಿನ ಸಾಲಿಗೆ ತಲುಪಿದಾಗ ನನ್ನ ಪಾಲಿಗೆ ಬಂದದ್ದು ಅರ್ಧ ನಿಮಿಷ. ಅದರಲ್ಲೂ ಅರ್ಧ ಭಾಗ ಫೋನನ್ನು ಜೇಬಿನಿಂದ ಹೊರತೆಗೆಯುವುದರಲ್ಲೇ ಕಳೆಯಿತು. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಆ ಪುಟ್ಟ ಚಿತ್ರ ಗುಂಡು ತೂರದ ಗಾಜಿನ ಹಿಂದೆ, ಕಟಕಟೆಯಾಚೆ, ಯಾರ ಗೊಡವೆಯೂ ತನಗಿಲ್ಲವೆಂಬಂತೆ ಕುಳಿತಿತ್ತು. ಕಾವಲಿನವರು ಮುಂದೆ ಸಾಗಿರೆಂದು ಕೈಬೀಸಿದರು, ಸಾಗಿದೆ. ಹೊರಗೆ ಬಂದು ಫೋಟೊ ನೋಡಿಕೊಂಡರೆ ಅದರಲ್ಲಿ ನಿಚ್ಚಳವಾಗಿ ಮೂಡಿದ್ದದ್ದು ನನ್ನ ಮುಂದಿದ್ದವರ ಫೋನು.

ಅದೇ ಕೋಣೆಯ ಎದುರು ಗೋಡೆಯ ಮೇಲೆ ಇಡೀ ಲೂವ್ರ್‌ನ ಅತಿ ದೊಡ್ಡ ವರ್ಣಚಿತ್ರವಿದೆ. ಪಾವೊಲೊ ವೆರೊನೀಸೆ ಎಂಬ ಕಲಾವಿದ 1563ರಲ್ಲಿ ಮುಗಿಸಿದ ಮದುವೆಯೂಟದ ಚಿತ್ರ ಅದು. ಎತ್ತರ ಆರೂಮುಕ್ಕಾಲು ಮೀಟರ್, ಅಗಲ ಹೆಚ್ಚುಕಡಿಮೆ ಹತ್ತು ಮೀಟರ್. ನೂರಕ್ಕೂ ಹೆಚ್ಚು ಅತಿಥಿಗಳು, ವಾದ್ಯಗಾರರು, ನಾಯಿಗಳು ತುಂಬಿರುವ ಆ ಔತಣಕ್ಕೆ ಬೆನ್ನು ಮಾಡಿಕೊಂಡು ಸಾವಿರಾರು ಜನ ಪ್ರತಿದಿನ ಎದುರಿನ ಪುಟ್ಟ ಹಲಗೆಯನ್ನು ನೋಡಲು ನೂಕಾಡುತ್ತಾರೆ. ಇನ್ನೂ ವಿಚಿತ್ರವೆಂದರೆ 1911ರ ಆಗಸ್ಟ್‌ನಲ್ಲಿ ಮೋನಾಲಿಸಾ ಕಳುವಾದಾಗ, ಅದು ಇದ್ದ ಖಾಲಿ ಜಾಗವನ್ನು ನೋಡುವುದಕ್ಕೇ ಜನ ಸಾಲುಗಟ್ಟಿ ಬಂದಿದ್ದರು. 2025ರ ಅಕ್ಟೋಬರ್‌ನಲ್ಲಿ ಅದೇ ಸಂಗ್ರಹಾಲಯದಿಂದ ರಾಜಮನೆತನದ ಒಡವೆಗಳು ಹಾಡಹಗಲೇ ಮಾಯವಾದ ಮೇಲೂ, ಕಳ್ಳರು ಏಣಿ ಏರಿ ಒಳನುಗ್ಗಿದ ಬಾಲ್ಕನಿಯತ್ತ ಕ್ಯಾಮೆರಾ ತಿರುಗಿಸಿದವರಿಗೆ ಕೊರತೆಯಿರಲಿಲ್ಲ. ಒಡವೆ ಹೋಯಿತು, ಪ್ರೇಕ್ಷಣೀಯ ಸ್ಥಳ ಒಂದು ಹೆಚ್ಚಾಯಿತು.

ನಗು ತರಿಸುವ ಈ ಸಂಗತಿಗಳಿಗೂ ಈಗ ಜಗತ್ತಿನ ನೂರಾರು ಊರುಗಳನ್ನು ಕಾಡುತ್ತಿರುವ ಓವರ್‌ಟೂರಿಸಂ, ಅಂದರೆ ಮಿತಿಮೀರಿದ ಪ್ರವಾಸೋದ್ಯಮದ ಸಮಸ್ಯೆಗೂ ನೇರ ನಂಟಿದೆ. 1950ರಲ್ಲಿ ಪ್ರಪಂಚದಾದ್ಯಂತ ಗಡಿ ದಾಟಿ ಪ್ರವಾಸ ಹೋದವರ ಲೆಕ್ಕ ಸುಮಾರು 2.5 ಕೋಟಿ. 2019ರಲ್ಲಿ ಅದು 146 ಕೋಟಿಯಷ್ಟಾಗಿತ್ತು. ಕೊರೊನಾ ಕಾಲದಲ್ಲಿ ನೆಲಕಚ್ಚಿ, 2024ರ ಹೊತ್ತಿಗೆ ಮತ್ತೆ 140 ಕೋಟಿಯ ಆಸುಪಾಸಿಗೆ ಬಂತು. ಈ ಅಂಕಿಗಳನ್ನು ಕಂಡ ತಕ್ಷಣ ಭೂಮಿಯಲ್ಲಿ ಜಾಗ ಸಾಲದು ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಲೂವ್ರ್‌ನ ಕೋಣೆ ಹೇಳುವುದು ಬೇರೆಯದನ್ನೇ. ಅಲ್ಲಿ ಜಾಗಕ್ಕೆ ಬರವಿಲ್ಲ, ಚಿತ್ರಗಳಿಗೂ ಬರವಿಲ್ಲ. ಒಂದೇ ಚಿತ್ರದ ಎದುರಿನ ನಾಲ್ಕು ಹೆಜ್ಜೆ ನೆಲಕ್ಕೆ ಬರ ಬಂದಿದೆ. ಪ್ರವಾಸಿಗರ ಒಟ್ಟು ಸಂಖ್ಯೆಗಿಂತ ಅವರೆಲ್ಲ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಬಂದು ನಿಲ್ಲಬಯಸುವುದೇ ಸಮಸ್ಯೆಯ ತಿರುಳು ಎಂಬುದು ನನ್ನ ಎಣಿಕೆ. ಈ ವ್ಯತ್ಯಾಸವನ್ನು ಗುರುತಿಸದೆ ಕೈಗೊಂಡ ಪರಿಹಾರಗಳೆಲ್ಲ ಒಂದೋ ನಗೆಪಾಟಲಾಗಿವೆ, ಇಲ್ಲವೇ ಬೊಕ್ಕಸ ತುಂಬಿಸುವುದಕ್ಕಷ್ಟೇ ಒದಗಿವೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾಲಕ್ಕಿಂತ ಎಷ್ಟೋ ಹಿಂದಿನಿಂದಲೂ ಪ್ರವಾಸಿಗ ಪ್ರವಾಸಿಗನೇ. ಈಜಿಪ್ಟಿನ ಲಕ್ಸರ್ ಬಳಿಯಿರುವ ಮೆಮ್ನಾನ್ ಪ್ರತಿಮೆಯ ಕಾಲಿನ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಯ ನೂರಕ್ಕೂ ಹೆಚ್ಚು ಬರಹಗಳಿವೆ. ಕ್ರಿ.ಶ. 130ರಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಪರಿವಾರದೊಂದಿಗೆ ಬಂದ ಜೂಲಿಯಾ ಬಾಲ್ಬಿಲ್ಲಾ ಎಂಬಾಕೆ ಅಲ್ಲಿ ತನ್ನ ಪದ್ಯಗಳನ್ನೇ ಕೆತ್ತಿಸಿ ಹೋದಳು. ಆರನೆಯ ರಾಮ್ಸೆಸ್‌ನ ಗೋರಿಯ ಗೋಡೆಗಳನ್ನು ಅಧ್ಯಯನ ಮಾಡಿದ ಪೋಲಂಡಿನ ಸಂಶೋಧಕರಿಗೆ ಸಾವಿರದಷ್ಟು ಪ್ರಾಚೀನ ಗೀಚುಬರಹಗಳು ಸಿಕ್ಕವು. ಶವಪೆಟ್ಟಿಗೆಯೊಂದನ್ನು ಬಿಟ್ಟರೆ ಇಲ್ಲಿ ಬೇರೇನೂ ತನಗೆ ಹಿಡಿಸಲಿಲ್ಲ ಎಂದು ಒಬ್ಬ ಬರೆದಿದ್ದಾನೆ. ಈ ಚಿತ್ರಲಿಪಿಯನ್ನು ಓದಲಾಗುತ್ತಿಲ್ಲ ಎಂದು ಇನ್ನೊಬ್ಬ ಗೊಣಗಿದರೆ, ಓದಲಾಗದಿದ್ದರೆ ನಿನಗೇನು ಕಷ್ಟ ಎಂದು ಮತ್ತೊಬ್ಬ ಅದಕ್ಕೆ ಉತ್ತರವನ್ನೂ ಗೀಚಿದ್ದಾನೆ. ಎರಡು ಸಾವಿರ ವರ್ಷಗಳಲ್ಲಿ ನಾವು ಹೆಚ್ಚೇನೂ ಮುಂದುವರಿದಿಲ್ಲ. 2023ರಲ್ಲಿ ರೋಮಿನ ಕೊಲೊಸಿಯಂ ಗೋಡೆಯ ಮೇಲೆ ಬೀಗದಕೈಯಿಂದ ತನ್ನ ಮತ್ತು ತನ್ನ ಗೆಳತಿಯ ಹೆಸರನ್ನು ಕೊರೆದು ಸಿಕ್ಕಿಬಿದ್ದವನೊಬ್ಬ, ಆ ಕಟ್ಟಡ ಅಷ್ಟೊಂದು ಹಳೆಯದೆಂದು ತನಗೆ ತಿಳಿದದ್ದೇ ಆಮೇಲೆ ಎಂದು ಕ್ಷಮಾಪಣಾ ಪತ್ರ ಬರೆದ.

ಪ್ರವಾಸಿಗರನ್ನು ಕಂಡು ಮೂಗು ಮುರಿಯುವ ಚಾಳಿಯೂ ಹೊಸದಲ್ಲ. ಥಾಮಸ್ ಕುಕ್ 1841ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಪಾನವಿರೋಧಿ ಸಭೆಯೊಂದಕ್ಕಾಗಿ ಸುಮಾರು 500 ಜನರನ್ನು ತಲೆಗೊಂದು ಶಿಲಿಂಗ್ ದರದಲ್ಲಿ ರೈಲಿನಲ್ಲಿ ಕರೆದೊಯ್ದ. ಸಾಮೂಹಿಕ ಪ್ರವಾಸದ ಉದ್ಯಮಕ್ಕೆ ಅದೇ ನಾಂದಿಯಾಯಿತು. ಮುಂದೆ 1860ರ ದಶಕದಲ್ಲಿ ಅವನ ಗುಂಪುಗಳು ಇಟಲಿಯನ್ನು ತಲುಪಿದಾಗ, ಅಲ್ಲೇ ನೆಲೆಸಿದ್ದ ಐರಿಷ್ ಲೇಖಕನೊಬ್ಬ ಅವರನ್ನು ಮಂದೆಗೂ, ಅವರ ಮುಂದಾಳನ್ನು ಆ ಮಂದೆಯನ್ನು ಸುತ್ತುವರಿದು ಓಡುವ ಕುರಿನಾಯಿಗೂ ಹೋಲಿಸಿ ಬರೆದ. ಟೀಕೆಯ ಒಳಗಿದ್ದ ಸಂಕಟ ಏನೆಂಬುದು ಸ್ಪಷ್ಟ: ನಾನು ಬಂದದ್ದು ಸರಿ, ಇವರೇಕೆ ಬಂದರು? ನಾವೂ ಇಂದಿಗೂ ಇದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತೇವೆ. ನಾವು ಪಯಣಿಗರು, ಉಳಿದವರು ಟೂರಿಸ್ಟುಗಳು. ಸರತಿಯಲ್ಲಿ ನಿಂತ ಮುಕ್ಕಾಲು ಗಂಟೆಯೂ ನನ್ನ ಮುಂದಿದ್ದವರನ್ನೆಲ್ಲ ಗುಂಪು ಎಂದೇ ಭಾವಿಸಿದ್ದೆ. ನನ್ನ ಹಿಂದಿದ್ದವರ ಪಾಲಿಗೆ ಆ ಗುಂಪು ನಾನೇ ಎಂಬುದು ಹೊಳೆದದ್ದು ತಡವಾಗಿ.

ಹಾಗಿದ್ದರೆ ಹೊಸದೇನು? ವಿಮಾನಯಾನ ಅಗ್ಗವಾದದ್ದು ಒಂದು. ಅಮೆರಿಕದಲ್ಲಿ 1978ರಲ್ಲಿ, ಯುರೋಪಿನಲ್ಲಿ 1990ರ ದಶಕದಲ್ಲಿ ಸರ್ಕಾರದ ಕಟ್ಟುಪಾಡುಗಳು ಸಡಿಲಗೊಂಡು ಕಡಿಮೆ ದರದ ವಿಮಾನ ಕಂಪನಿಗಳು ಮೊಳೆತವು. ಎರಡು ದಿನದ ರಜೆ ಸಿಕ್ಕರೂ ಬೇರೆ ದೇಶಕ್ಕೆ ಹಾರಿ ಬರುವುದು ಯುರೋಪಿನವರಿಗೆ ಮಾಮೂಲಾಯಿತು. ಹಡಗುಗಳು ತೇಲುವ ಪಟ್ಟಣಗಳಾದವು. 2024ರ ಜನವರಿಯಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಎಂಬ ಹಡಗು ತುಂಬಿ ಬಂದರೆ ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು. ಅಷ್ಟು ಜನ ಬೆಳಿಗ್ಗೆ ಒಮ್ಮೆಲೇ ಬಂದರಿನಲ್ಲಿ ಇಳಿದು, ಸಂಜೆ ಊಟಕ್ಕೆ ಹಡಗಿಗೇ ಮರಳುತ್ತಾರೆ. ಏರ್‌ಬಿಎನ್‌ಬಿಯಂಥ ವೇದಿಕೆಗಳಿಂದಾಗಿ ಯಾರದೇ ಮನೆಯೂ ಹೋಟೆಲ್ ಆಗಬಹುದಾಯಿತು. ಏಷ್ಯಾದ ಮಧ್ಯಮವರ್ಗದ ಕೈಯಲ್ಲಿ ಹಣವೂ ಪಾಸ್‌ಪೋರ್ಟೂ ಬಂದವು. ಇದನ್ನು ಸಮಸ್ಯೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಇಷ್ಟು ದಿನ ಫೋಟೊದಲ್ಲಿ ನೋಡಿದವರು ಈಗ ಕಣ್ಣಾರೆ ನೋಡಲು ಬಂದಿದ್ದಾರೆ, ಅಷ್ಟೆ.

ಆದರೆ ಇವೆಲ್ಲವೂ ಜನರನ್ನು ಮನೆಯಿಂದ ಹೊರಡಿಸುವ ಕಾರಣಗಳು. ಎಲ್ಲರನ್ನೂ ಒಂದೇ ಕಡೆಗೆ ಎಳೆಯುವ ಕೆಲಸ ಮಾಡುವುದು ಫೋನಿನ ಪರದೆ. ಸ್ವಿಟ್ಜರ್ಲೆಂಡಿನ ಬ್ರಿಯೆನ್ಜ್ ಸರೋವರದ ದಡದಲ್ಲಿ ಇಸೆಲ್ಟ್‌ವಾಲ್ಡ್ ಎಂಬ ಪುಟ್ಟ ಹಳ್ಳಿಯಿದೆ. ಕೊರಿಯಾದ ಧಾರಾವಾಹಿಯೊಂದರ ನಾಯಕ ಅಲ್ಲಿನ ದೋಣಿಕಟ್ಟೆಯ ಮೇಲೆ ಕುಳಿತು ಪಿಯಾನೊ ನುಡಿಸಿದ. ಆ ದೃಶ್ಯ ಜಗತ್ತನ್ನು ಸುತ್ತಿದ ಮೇಲೆ ಏಷ್ಯಾದ ಮೂಲೆಮೂಲೆಗಳಿಂದ ಜನ ಆ ಕಟ್ಟೆಯ ಮೇಲೆ ನಿಲ್ಲಲು ಬರತೊಡಗಿದರು. ಹಳ್ಳಿಯವರು 2023ರಲ್ಲಿ ಅಲ್ಲೊಂದು ತಿರುಗುಗೇಟು ಕೂರಿಸಿ ಐದು ಫ್ರಾಂಕ್ ಶುಲ್ಕ ಇಟ್ಟರು. ಅದೇ ನೀರು, ಅದೇ ಬೆಟ್ಟ ಹತ್ತು ಹೆಜ್ಜೆ ಆಚೆಯಿಂದಲೂ ಬಿಟ್ಟಿಯಾಗಿ ಕಾಣುತ್ತವೆ. ಆದರೆ ಅಲ್ಲಿಂದ ತೆಗೆದ ಫೋಟೊ ಆ ಫೋಟೊ ಆಗುವುದಿಲ್ಲ. ಹಿಂದೆ ಪ್ರವಾಸಿಗ ತಾನು ಕಂಡದ್ದನ್ನು ನೆನಪಿಗಾಗಿ ಚಿತ್ರ ತೆಗೆದುಕೊಳ್ಳುತ್ತಿದ್ದ; ಈಗ ಚಿತ್ರವನ್ನು ಮೊದಲೇ ಕಂಡು, ಅದರೊಳಗೆ ತನ್ನನ್ನು ನಿಲ್ಲಿಸಿಕೊಂಡು ಬರಲು ಹೋಗುತ್ತಾನೆ. ನಿಂತುಕೊಳ್ಳುವ ಜಾಗವೇ ಸರಕಾಗಿರುವುದು ಹೀಗೆ.

ಆ ಜಾಗವನ್ನೇ ಕೆಡಿಸಿಬಿಟ್ಟರೆ? ಜಪಾನಿನ ಫುಜಿಕವಾಗುಚಿಕೊ ಪಟ್ಟಣದ ಆಡಳಿತಕ್ಕೆ ಇದೇ ಯೋಚನೆ ಬಂತು. ಅಲ್ಲಿನ ಒಂದು ಸಾಮಾನ್ಯ ದಿನಸಿ ಅಂಗಡಿಯ ಮಾಡಿನ ಮೇಲೆ ಫುಜಿ ಪರ್ವತ ಕುಳಿತಿರುವಂತೆ ಕಾಣುವ ಒಂದು ಕೋನವಿದೆ. ಆ ಕೋನಕ್ಕಾಗಿ ಜನ ರಸ್ತೆಗೆ ಅಡ್ಡ ಓಡುತ್ತಿದ್ದರು, ಎದುರಿನ ದಂತವೈದ್ಯರ ಆಸ್ಪತ್ರೆಯ ಆವರಣಕ್ಕೆ ನುಗ್ಗುತ್ತಿದ್ದರು. ಬೇಸತ್ತ ಪಟ್ಟಣದವರು 2024ರ ಮೇ ತಿಂಗಳಲ್ಲಿ ಪಾದಚಾರಿ ಮಾರ್ಗದ ಉದ್ದಕ್ಕೂ 20 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕಪ್ಪು ಬಲೆಯನ್ನು ಕಟ್ಟಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬಂತೆ, ಕೆಲವೇ ದಿನಗಳಲ್ಲಿ ಬಲೆಯಲ್ಲಿ ಸರಿಸುಮಾರು ಕಣ್ಣಿನ ಎತ್ತರಕ್ಕೆ ತೂತುಗಳು ಕಾಣಿಸಿಕೊಂಡವು. ಒಂದೊಂದೂ ಫೋನಿನ ಕ್ಯಾಮೆರಾದ ಕಣ್ಣು ತೂರುವಷ್ಟು. ಬಲೆಯನ್ನು ಕಟ್ಟುತ್ತಿದ್ದಾಗ ಸುದ್ದಿವಾಹಿನಿಗಳು ಅದರ ಚಿತ್ರಗಳನ್ನು ಜಗತ್ತಿಗೆಲ್ಲ ತೋರಿಸಿದ್ದರಿಂದ, ಆ ಅಂಗಡಿಯ ಹೆಸರೇ ಕೇಳದಿದ್ದವರಿಗೂ ಅದು ಪರಿಚಯವಾಯಿತು. ಆಗಸ್ಟ್‌ನಲ್ಲಿ ಚಂಡಮಾರುತದ ಭಯಕ್ಕೆ ಬಲೆಯನ್ನು ಇಳಿಸಿದವರು ಮತ್ತೆ ಏರಿಸಲಿಲ್ಲ.

ಆಸ್ಟ್ರಿಯಾದ ಹಾಲ್‌ಷ್ಟಾಟ್‌ನದು ಇದಕ್ಕಿಂತ ಒಂದು ವರ್ಷ ಹಿಂದಿನ ಕತೆ. ಸುಮಾರು 700 ಜನ ವಾಸಿಸುವ, ಸರೋವರದಂಚಿನ ಈ ಊರಿಗೆ ಬೇಸಿಗೆಯ ಕೆಲವು ದಿನಗಳಲ್ಲಿ 10,000 ಜನರವರೆಗೆ ಬಂದು ಹೋಗುತ್ತಾರೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ 2012ರಲ್ಲೇ ಇದರ ಪಡಿಯಚ್ಚೊಂದನ್ನು ಕಟ್ಟಲಾಗಿದೆ. ನಕಲು ಇದ್ದರೆ ಅಸಲಿನ ಮೇಲಿನ ಒತ್ತಡ ಇಳಿಯಬೇಕಿತ್ತು, ಆದರೆ ಅದು ಜಾಹೀರಾತಿನ ಕೆಲಸವನ್ನೇ ಮಾಡಿತು. ಸೆಲ್ಫಿಗಳ ಕಾಟ ತಾಳಲಾರದೆ 2023ರ ಮೇ ತಿಂಗಳಲ್ಲಿ ಪುರಸಭೆ ಆ ಪ್ರಸಿದ್ಧ ನೋಟಕ್ಕೆ ಅಡ್ಡಲಾಗಿ ಮರದ ಬೇಲಿ ನಿಲ್ಲಿಸಿತು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಹಾಗಿದ್ದ ಈ ಕ್ರಮಕ್ಕೆ ಎಲ್ಲೆಡೆಯಿಂದ ಆಕ್ಷೇಪ ಬಂದು, ಬೇಲಿ ಬೇಗನೆ ಇಳಿಯಿತು.

ಮರೆಮಾಡುವ ಉಪಾಯಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಬಾರ್ಸಿಲೋನಾದ್ದು. ಆ ನಗರದ ಗುಯೆಲ್ ಉದ್ಯಾನದ ಬಳಿಯ ಗುಡ್ಡದ ಬೀದಿಗಳಲ್ಲಿ ಸಂಖ್ಯೆ 116ರ ಪುಟ್ಟ ಬಸ್ಸು ಓಡುತ್ತದೆ. ಪ್ರವಾಸಿಗರೇ ಅದನ್ನು ತುಂಬಿಕೊಂಡು, ಸಂತೆಯ ಚೀಲ ಹಿಡಿದ ಮುದುಕರಿಗೆ ಹತ್ತಲು ಜಾಗವಿಲ್ಲದಂತಾಗಿತ್ತು. ನಗರಸಭೆ ಹೊಸ ಬಸ್ಸು ಬಿಡಲಿಲ್ಲ, ದಂಡವನ್ನೂ ಹಾಕಲಿಲ್ಲ. ಆ ಮಾರ್ಗವನ್ನು ಗೂಗಲ್ ಮ್ಯಾಪ್ಸ್‌ನಿಂದ ತೆಗೆಸಿಬಿಟ್ಟಿತು. ಬಸ್ಸು ಓಡುತ್ತಲೇ ಇತ್ತು, ಆದರೆ ಫೋನು ನೋಡಿ ದಾರಿ ಹಿಡಿಯುವವರ ಪಾಲಿಗೆ ಅದು ಇರಲೇ ಇಲ್ಲ. ಮುದುಕರಿಗೆ ಮತ್ತೆ ಸೀಟು ಸಿಕ್ಕಿತು. ಜನರನ್ನು ಅಲ್ಲಿಗೆ ತಂದದ್ದು ಪರದೆಯಾದರೆ, ಪರದೆಯಲ್ಲೇ ಅದಕ್ಕೆ ಮದ್ದು ಎಂಬುದನ್ನು ಈ ಒಂದು ಬಸ್ಸು ತೋರಿಸಿಕೊಟ್ಟಿತು. 2024ರಲ್ಲಿ ಈ ಗುಟ್ಟು ಪತ್ರಿಕೆಗಳಲ್ಲಿ ಬಯಲಾಗಿ ಜಗತ್ತಿನ ತುಂಬ ಓದಿಸಿಕೊಂಡಿತು. ಗುಟ್ಟನ್ನು ಹರಡಿದವರ ಸಾಲಿಗೆ ಈಗ ನಾನೂ ಸೇರಿಕೊಂಡೆ.

ಇನ್ನು ಹಣದ ಮಾರ್ಗ. ವೆನಿಸ್ ನಗರವು 2024ರ ಏಪ್ರಿಲ್ 25ರಿಂದ, ರಾತ್ರಿ ತಂಗದೆ ಬಂದು ಹೋಗುವವರಿಗೆ ಐದು ಯೂರೊ ಪ್ರವೇಶ ಶುಲ್ಕ ವಿಧಿಸಿತು. ಮೊದಲ ವರ್ಷ ದಟ್ಟಣೆಯ 29 ದಿನಗಳಿಗೆ, 2025ರಲ್ಲಿ 54 ದಿನಗಳಿಗೆ ಇದು ಅನ್ವಯಿಸಿತು. ಎರಡನೆಯ ವರ್ಷ ಕೊನೆ ಗಳಿಗೆಯಲ್ಲಿ ಪಾವತಿಸುವವರಿಗೆ ದರವನ್ನು ಹತ್ತು ಯೂರೊಗೆ ಏರಿಸಲಾಯಿತು. ಬಂದ ಪುಟ್ಟ ಹೋದ ಪುಟ್ಟ ಎಂಬಂಥ ಈ ಹಗಲು ಪ್ರವಾಸಿಗರೇ ವೆನಿಸ್‌ನ ನಿಜವಾದ ತಲೆನೋವು. ಅವರು ತಂಗುವುದಿಲ್ಲ, ಊರಿನಲ್ಲಿ ಹೆಚ್ಚು ಖರ್ಚು ಮಾಡುವುದಿಲ್ಲ, ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬಂತೆ ರಿಯಾಲ್ಟೊ ಸೇತುವೆಗೂ ಸಂತ ಮಾರ್ಕನ ಚೌಕಕ್ಕೂ ಬಂದೇ ಬರುತ್ತಾರೆ. ಅವರಿಂದ ಶುಲ್ಕ ವಸೂಲಾಗುವುದು ನ್ಯಾಯವೇ. ಆದರೆ ವಿಮಾನ, ಹಡಗು, ಹೋಟೆಲ್ ಎಂದು ಸಾವಿರಾರು ಯೂರೊ ಸುರಿದು ಇಟಲಿಗೆ ಬಂದವರು ಐದು ಯೂರೊಗೆ ಹೆದರಿ ವೆನಿಸ್ ಬಿಟ್ಟು ಹೋದಾರೆ? ಮೊದಲ ವರ್ಷ ಸುಮಾರು 24 ಲಕ್ಷ ಯೂರೊ, ಎರಡನೆಯ ವರ್ಷ ಸುಮಾರು 54 ಲಕ್ಷ ಯೂರೊ ಸಂಗ್ರಹವಾಯಿತು. ಶುಲ್ಕ ಕೊಟ್ಟವರ ಸಂಖ್ಯೆಯೂ ಹೆಚ್ಚಿತು. ಜನದಟ್ಟಣೆ ಕರಗಲಿಲ್ಲವೆಂದು ಅಲ್ಲಿನ ವಿರೋಧ ಪಕ್ಷದವರು ದೂರಿದ್ದು ಸಹಜವೇ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಪ್ರವೇಶದ ಚೀಟಿ ಇಟ್ಟ ಕ್ಷಣದಿಂದ ಬಂದವನು ಊರನ್ನು ಪ್ರದರ್ಶನವೆಂದೇ ತಿಳಿಯುತ್ತಾನೆ. ಹಣ ಕೊಟ್ಟ ಮೇಲೆ ಮೆಲ್ಲಗೆ ಮಾತಾಡಬೇಕೆಂಬ ಸಂಕೋಚವೂ ಅವನಿಗೆ ಉಳಿಯುವುದಿಲ್ಲ.

ಜೇಬಿಗೆ ನಿಜವಾಗಿಯೂ ಬಿಸಿ ಮುಟ್ಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಭೂತಾನ್ ಉದಾಹರಣೆ. 2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದಾಗ ಆ ದೇಶ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ದಿನಕ್ಕೆ 65 ಡಾಲರ್‌ನಿಂದ 200 ಡಾಲರ್‌ಗೆ ಏರಿಸಿತು. ಭಾರತೀಯರಿಗೆ ಮಾತ್ರ ದಿನಕ್ಕೆ 1,200 ರೂಪಾಯಿ. 2019ರಲ್ಲಿ 3 ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ 2023ರಲ್ಲಿ ಸುಮಾರು 1 ಲಕ್ಷದಷ್ಟಿತ್ತು. ಕೊರೊನಾದ ಪೆಟ್ಟೂ ಇದರಲ್ಲಿ ಸೇರಿದೆ, ನಿಜ. ಆದರೂ ಹೋಟೆಲ್ ಮಾಲೀಕರು, ಮಾರ್ಗದರ್ಶಕರು, ಕರಕುಶಲಿಗಳು ಕೈಕಟ್ಟಿ ಕೂರುವಂತಾದಾಗ 2023ರ ಸೆಪ್ಟೆಂಬರ್‌ನಿಂದ ಶುಲ್ಕವನ್ನು ಅರ್ಧಕ್ಕೆ, ಅಂದರೆ 100 ಡಾಲರ್‌ಗೆ ಇಳಿಸಬೇಕಾಯಿತು. ಅಂತೂ ತಡೆಯುವಷ್ಟು ದುಬಾರಿಯಾದ ಶುಲ್ಕ ಸ್ಥಳೀಯರ ಹೊಟ್ಟೆಗೇ ತಟ್ಟುತ್ತದೆ, ತಟ್ಟದಷ್ಟು ಅಗ್ಗವಾದ ಶುಲ್ಕ ಯಾರನ್ನೂ ತಡೆಯುವುದಿಲ್ಲ. ಹೊರಗಿನವರಿಗೊಂದು, ಒಳಗಿನವರಿಗೊಂದು ದರವೆಂಬ ಪದ್ಧತಿಯೂ ಹಬ್ಬುತ್ತಿದೆ. ಲೂವ್ರ್ ಕೂಡ 2026ರ ಜನವರಿಯಿಂದ ಐರೋಪ್ಯ ಆರ್ಥಿಕ ವಲಯದಾಚೆಯವರಿಗೆ ದರವನ್ನು 22ರಿಂದ 32 ಯೂರೊಗೆ ಏರಿಸುವುದೆಂದು ತೀರ್ಮಾನಿಸಿತು. ವೆನಿಸ್‌ನ ಮಠವೊಂದರಲ್ಲಿದ್ದ ವೆರೊನೀಸೆಯ ಆ ದೊಡ್ಡ ಚಿತ್ರವನ್ನು 1797ರಲ್ಲಿ ನೆಪೋಲಿಯನ್ನನ ಸೈನಿಕರು ಕತ್ತರಿಸಿ ಹೊತ್ತೊಯ್ದದ್ದು ಪುಕ್ಕಟೆಯಾಗಿ. ಹೊರನಾಡಿನಿಂದ ಬಂದ ವಸ್ತುಗಳನ್ನು ಹೊರನಾಡಿನವರಿಗೆ ಹೆಚ್ಚಿನ ದರಕ್ಕೆ ತೋರಿಸುವುದರಲ್ಲಿರುವ ತಮಾಷೆ ಸಂಗ್ರಹಾಲಯದವರಿಗೂ ತಿಳಿಯದ್ದೇನಲ್ಲ.

ಮಿತಿ ಹಾಕಿದ ಕಡೆ ಫಲ ಕಂಡದ್ದುಂಟು. ಥಾಯ್ಲೆಂಡಿನ ಮಾಯಾ ಕೊಲ್ಲಿ 2000ದಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದರಿಂದ ಹೆಸರಾಗಿ, ದಿನಕ್ಕೆ 5,000 ಜನರವರೆಗೆ ಬರುವಂತಾಗಿ, ಹವಳದ ದಿಬ್ಬಗಳು ಸತ್ತುಹೋಗಿದ್ದವು. 2018ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿತು. ಕೆಲವೇ ತಿಂಗಳಿಗೆಂದು ಹಾಕಿದ ಬೀಗ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಮರಳಿ ಬಂದಿದ್ದವು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ಜನ ಈಜುವಂತಿಲ್ಲ, ಒಮ್ಮೆಗೆ ಇಷ್ಟೇ ಜನ ಎಂಬ ನಿಯಮವಿದೆ. ಫುಜಿಯ ಯೋಶಿದಾ ದಾರಿಯಲ್ಲೂ 2024ರಿಂದ ದಿನಕ್ಕೆ 4,000 ಜನರ ಮಿತಿ, ಶುಲ್ಕ ಮತ್ತು ಸಂಜೆ ಮುಚ್ಚುವ ಗೇಟು ಬಂದ ಮೇಲೆ, ನಿದ್ದೆಗೆಟ್ಟು ರಾತ್ರೋರಾತ್ರಿ ಶಿಖರಕ್ಕೆ ಓಡುವವರ ಹಾವಳಿ ತಗ್ಗಿತು.

ಈ ಎರಡೂ ಕಡೆ ಗೆಲುವಾದದ್ದಕ್ಕೆ ಕಾರಣ ಸರಳ. ಕೊಲ್ಲಿಗೂ ಬೆಟ್ಟದ ದಾರಿಗೂ ಒಂದು ಬಾಗಿಲಿದೆ, ಒಳಗೆ ಯಾರ ಮನೆಯೂ ಇಲ್ಲ. ಊರಿನ ಸಂಗತಿ ಹಾಗಲ್ಲ. ಊರಿಗೆ ನೂರು ದಾರಿ. ಒಳಗೆ ಶಾಲೆಗೆ ಹೊರಟ ಮಕ್ಕಳು, ಔಷಧಿ ತರಲು ಹೊರಟ ಮುದುಕಿ, ಕೆಲಸ ಮುಗಿಸಿ ಬಂದು ಮಲಗಬೇಕಾದವರು ಇರುತ್ತಾರೆ. ಅವರನ್ನು ಇಟ್ಟುಕೊಂಡು ಊರಿಗೆ ಬಾಗಿಲು ಇಡುವುದು ಹೇಗೆ? ನೋಟಕ್ಕಾಗಿ ನಡೆಯುವ ನೂಕಾಟ ಹಗಲಿನದು, ಸಂಜೆಗೆ ಮುಗಿಯುತ್ತದೆ. ಸಂಜೆಗೆ ಮುಗಿಯದ ಇನ್ನೊಂದು ನೂಕಾಟ ಮನೆಗಳಿಗಾಗಿ ನಡೆಯುತ್ತಿದೆ. ಅಲ್ಲೂ ತರ್ಕ ಅದೇ: ಬಂದವರೆಲ್ಲರಿಗೂ ಬೇಕಾದದ್ದು ಹಳೆಯ ಪೇಟೆಯ ನಡುವಿನ ಅದೇ ನಾಲ್ಕು ಬೀದಿಗಳಲ್ಲಿ ಒಂದು ಕೋಣೆ.

ವೆನಿಸ್‌ನ ರಿಯಾಲ್ಟೊ ಸೇತುವೆಗೆ ಸಮೀಪದ ಚೌಕದಲ್ಲಿ ಒಂದು ಔಷಧಿ ಅಂಗಡಿಯಿದೆ. ಅದರ ಕಿಟಕಿಯಲ್ಲಿ 2008ರಿಂದ ಕೆಂಪು ಅಂಕಿಗಳ ಫಲಕವೊಂದು ಹೊಳೆಯುತ್ತಿದೆ: ದ್ವೀಪನಗರದಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆ. 1951ರಲ್ಲಿ 1.7 ಲಕ್ಷಕ್ಕೂ ಹೆಚ್ಚಿದ್ದ ಆ ಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. 2023ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಮಲಗುವ ನಿವಾಸಿಗಳಿಗಿಂತ ಪ್ರವಾಸಿಗರಿಗಾಗಿ ಹಾಸಿಟ್ಟ ಹಾಸಿಗೆಗಳೇ ಹೆಚ್ಚಾದವೆಂದು ಅಲ್ಲಿನ ನಾಗರಿಕ ಗುಂಪುಗಳು ಲೆಕ್ಕ ಕೊಟ್ಟವು. ನಿವಾಸಿಗಳು ಊರು ಬಿಟ್ಟದ್ದಕ್ಕೆ ಪ್ರವಾಸೋದ್ಯಮವೊಂದೇ ಕಾರಣವಲ್ಲ. ಉಕ್ಕಿ ಬರುವ ಸಮುದ್ರ, ಹಳೆಯ ಮನೆಗಳ ದುರಸ್ತಿಯ ಖರ್ಚು, ಆಚೆ ದಡದ ಕಾರ್ಖಾನೆಗಳ ಕೆಲಸ ಎಲ್ಲವೂ ಸೇರಿವೆ. ಆದರೆ ತಿಂಗಳ ಬಾಡಿಗೆಯಲ್ಲಿ ಬರುವುದನ್ನು ವಾರದಲ್ಲಿ ಗಳಿಸಬಹುದೆಂದಾದಾಗ, ಖಾಲಿಯಾದ ಮನೆಗೆ ಇನ್ನೊಂದು ಕುಟುಂಬ ಬರುವ ಸಾಧ್ಯತೆ ಮುಚ್ಚಿಹೋಗುತ್ತದೆ.

ಇದೇ ಸಿಟ್ಟು 2024ರ ಜುಲೈನಲ್ಲಿ ಬಾರ್ಸಿಲೋನಾದ ಬೀದಿಗಳಲ್ಲಿ ನೀರಿನ ಪಿಸ್ತೂಲುಗಳ ರೂಪದಲ್ಲಿ ಹೊರಬಿತ್ತು. ಹೋಟೆಲುಗಳ ಮುಂದಿನ ಮೇಜುಗಳಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ಪ್ರತಿಭಟನಕಾರರು ನೀರು ಚಿಮ್ಮಿಸಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಚಿಮ್ಮಿದ ನೀರಷ್ಟೇ ಸುದ್ದಿಯಾಗಿ, ಅವರ ಬೇಡಿಕೆಗಳೇನು ಎಂಬುದು ಹಿಂದೆ ಉಳಿಯಿತು. ಪ್ರವಾಸಿಗರು ಬರಲೇಬಾರದೆಂದು ಅಂಥ ಊರು ಹೇಳಲಾರದು. ಸ್ಪೇನಿಗೆ 2024ರಲ್ಲಿ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ, ಅಂದರೆ ಆ ದೇಶದ ಜನಸಂಖ್ಯೆಯ ಹೆಚ್ಚುಕಡಿಮೆ ಎರಡರಷ್ಟು. ಎಷ್ಟೋ ಮನೆಗಳ ಒಲೆ ಉರಿಯುವುದು ಅವರಿಂದಲೇ. ಆದರೆ ಮೇಜು ಒರೆಸುವ ಹುಡುಗನಿಗೆ ಸಿಗುವ ಸಂಬಳದಲ್ಲಿ ಆ ಬಡಾವಣೆಯಲ್ಲಿ ಕೋಣೆ ಸಿಗುವುದಿಲ್ಲ, ಆ ಕೋಣೆಯ ಬಾಡಿಗೆಯನ್ನು ಏರಿಸಿದವರು ಆ ಮೇಜಿನ ಮುಂದೆ ಕುಳಿತವರೇ. ಅದೇ ವರ್ಷದ ಜೂನ್‌ನಲ್ಲಿ ಬಾರ್ಸಿಲೋನಾದ ಮೇಯರ್ ಜಾವುಮೆ ಕೊಲ್ಬೊನಿ, ಪ್ರವಾಸಿಗರಿಗೆ ಬಾಡಿಗೆ ಕೊಡಲು ಪರವಾನಗಿ ಪಡೆದಿರುವ 10,101 ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲವೆಂದು ಘೋಷಿಸಿದರು. ನಾನು ಗಮನಿಸಿದ ಕ್ರಮಗಳಲ್ಲೆಲ್ಲ ರೋಗದ ಬುಡಕ್ಕೆ ಕೈಹಾಕಿದ್ದು ಇದೊಂದೇ ಎನಿಸುತ್ತದೆ.

ಆ 10,101ರಲ್ಲಿ ಒಂದರಲ್ಲಿ ನಾನೂ ನಾಲ್ಕು ರಾತ್ರಿ ಮಲಗಿದ್ದೇನೆ. ಹೋಟೆಲಿಗಿಂತ ಅಗ್ಗ, ಸ್ವಂತ ಅಡುಗೆಮನೆ, ಊರಿನವರ ನಡುವೆ ಊರಿನವರಂತೆ ಇರಬಹುದೆಂಬ ಆಸೆ. ಬಾಗಿಲ ಪಕ್ಕದ ಪುಟ್ಟ ಕಬ್ಬಿಣದ ಡಬ್ಬಿಗೆ ನಾಲ್ಕು ಅಂಕಿ ಒತ್ತಿ ಬೀಗದಕೈ ತೆಗೆದುಕೊಂಡೆ. ಮನೆಯ ಯಜಮಾನರ ಮುಖವನ್ನು ಕೊನೆಯವರೆಗೂ ಕಾಣಲಿಲ್ಲ. ಮೆಟ್ಟಿಲ ಬುಡದಲ್ಲಿ ಹಿತ್ತಾಳೆಯ ಮುಚ್ಚಳದ ಅಂಚೆಪೆಟ್ಟಿಗೆಗಳ ಸಾಲಿತ್ತು. ಎಂಟು ಪೆಟ್ಟಿಗೆ, ಹೆಸರಿದ್ದದ್ದು ಮೂರರ ಮೇಲೆ. ಆ ಮೂರರಲ್ಲಿ ಒಂದು ಹೆಸರಿನವರಿರಬೇಕು, ರಾತ್ರಿ ಹನ್ನೊಂದಕ್ಕೆ ನನ್ನ ಸೂಟ್‌ಕೇಸಿನ ಗಾಲಿಗಳು ಕಲ್ಲಿನ ಮೆಟ್ಟಿಲ ಮೇಲೆ ಗಡಗಡ ಸದ್ದು ಮಾಡುತ್ತಾ ಏರಿದಾಗ ಬಾಗಿಲನ್ನು ಅರೆತೆರೆದು ನೋಡಿದ ಅಜ್ಜಿ. ಬೈಯಲಿಲ್ಲ, ನಗಲೂ ಇಲ್ಲ; ಸೂಟ್‌ಕೇಸನ್ನು ಎತ್ತಿಕೋ ಎಂದು ಕೈಸನ್ನೆ ಮಾಡಿ ಬಾಗಿಲು ಹಾಕಿಕೊಂಡರು. ನಾನು ಎತ್ತಿಕೊಂಡೆ. ನನ್ನ ಬೆನ್ನಿಗೆ ಬಂದವರಿಗೂ ಅವರು ಅದೇ ಸನ್ನೆ ಮಾಡಬೇಕಾಗಿ ಬಂದಿರುತ್ತದೆ.

2028ರ ನವೆಂಬರ್‌ನಲ್ಲಿ ಏನಾಗುತ್ತದೆಂಬುದು ಕುತೂಹಲದ ವಿಷಯ. ಫ್ಲ್ಯಾಟುಗಳ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದ್ದರೂ, ಈ ನಿರ್ಧಾರಕ್ಕೆ ಆಧಾರವಾದ, ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತದ ಕಾನೂನನ್ನು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಆದರೆ ಪ್ರವಾಸಿ ಪರವಾನಗಿ ಹೋದ ಮಾತ್ರಕ್ಕೆ ಆ ಮನೆಗಳಿಗೆ ಕುಟುಂಬಗಳು ಬಂದೇ ಬರುತ್ತವೆ ಎನ್ನುವಂತಿಲ್ಲ. ಒಂದು ತಿಂಗಳಿಗೆ ಮೇಲ್ಪಟ್ಟು, ಒಂದು ವರ್ಷದೊಳಗಿನ ತಾತ್ಕಾಲಿಕ ಬಾಡಿಗೆ ಎಂಬ ಇನ್ನೊಂದು ಬಗೆಯಿದೆ. ಲ್ಯಾಪ್‌ಟಾಪ್ ಹಿಡಿದು ಊರೂರು ತಿರುಗುತ್ತಾ ದುಡಿಯುವವರು ಅದಕ್ಕೆ ಒಳ್ಳೆಯ ದರ ಕೊಡುತ್ತಾರೆ. ಆ ಕಿಂಡಿಯನ್ನು ಮುಚ್ಚದಿದ್ದರೆ ಫುಜಿಯ ಬಲೆಗಾದ ಗತಿಯೇ ಈ ಕಾನೂನಿಗೂ ಆದೀತು. ಹಾಗಾಗಿ ಮುಂದೆಂದಾದರೂ ಆ ಊರಿಗೆ ಹೋದರೆ ಪ್ರವಾಸೋದ್ಯಮ ಇಲಾಖೆಯ ಅಂಕಿಅಂಶಗಳ ಗೊಡವೆಗೆ ಹೋಗದೆ, ಆ ಮೆಟ್ಟಿಲ ಬುಡಕ್ಕೆ ಹೋಗಿ ಅಂಚೆಪೆಟ್ಟಿಗೆಗಳ ಮೇಲಿನ ಹೆಸರುಗಳನ್ನು ಎಣಿಸಬೇಕೆಂದುಕೊಂಡಿದ್ದೇನೆ. ಉಳಿದುಕೊಳ್ಳುವುದು ಈ ಸಲ ಹೋಟೆಲಿನಲ್ಲಿ.